ಅಡುಗೆ ಯಾರು ಮಾಡಿದರು? ಅಮೆರಿಕದ ಚಳವಳಿಗಳ ಮೇಲೆ ಶಾಲಾ ಪ್ರಾಜೆಕ್ಟ್ ಮಾಡುವವರಿಗೆ

‘ಆಧುನಿಕ ಅಮೆರಿಕದ ಸಮಾಜ ಸುಧಾರಣಾ ಚಳವಳಿಗಳು’ ಅಂತ ಟೀಚರ್ ಪ್ರಾಜೆಕ್ಟ್ ಕೊಟ್ಟ ಸಂಜೆಯೇ ಮನೆಯಲ್ಲಿ ಪ್ರಿಂಟರ್ ಓಡಲು ಶುರುವಾಗುತ್ತದೆ. ಮಧ್ಯದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಫೋಟೊ. ಸುತ್ತ ಹುಟ್ಟಿದ ವರ್ಷ, ಸತ್ತ ವರ್ಷ, 1963ರ ವಾಷಿಂಗ್ಟನ್ ಭಾಷಣ, ನೊಬೆಲ್ ಬಹುಮಾನ. ಮಾರ್ಕ್ಸ್ ಬರುತ್ತದೆ, ಇಲ್ಲ ಅಂತಲ್ಲ. ಆದರೆ ಆ ಬೋರ್ಡ್ ಪಕ್ಕ ನಿಂತ ಮಗುವನ್ನು ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ. ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಕೊಡುವುದನ್ನು ವಿರೋಧಿಸಿ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರಿನ ಕಪ್ಪು ಜನ ಒಂದು ವರ್ಷಕ್ಕೂ ಜಾಸ್ತಿ ಕಾಲ ಬಸ್ ಹತ್ತಲಿಲ್ಲವಲ್ಲ, ದಿನಾ ಕೆಲಸಕ್ಕೆ ಹೇಗೆ ಹೋಗುತ್ತಿದ್ದರು? ಪೆಟ್ರೋಲಿಗೆ ದುಡ್ಡು ಎಲ್ಲಿಂದ ಬಂತು?

ದುಡ್ಡಿನ ಒಂದು ಪಾಲು ಅಡುಗೆಮನೆಯಿಂದ ಬಂತು. ಜಾರ್ಜಿಯಾ ಗಿಲ್ಮೋರ್ ಎಂಬ ಹೆಂಗಸು ಮತ್ತು ಅವರ ಜೊತೆಗಾರ್ತಿಯರು ಸ್ಯಾಂಡ್‌ವಿಚ್, ಕೇಕ್, ಕೋಳಿ ಊಟ ಮಾಡಿ ಮಾರಿದರು. ಬಂದ ಹಣವನ್ನು ಚಳವಳಿಯ ಕಾರುಗಳ ಖರ್ಚಿಗೆ ಕೊಟ್ಟರು. ಅವರ ಗುಂಪಿನ ಹೆಸರು ‘ಎಲ್ಲಿಂದಲೂ ಅಲ್ಲದ ಕ್ಲಬ್’. ಹಣ ಎಲ್ಲಿಂದ ಬಂತು ಅಂತ ಕೇಳಿದರೆ ‘ಎಲ್ಲಿಂದಲೂ ಅಲ್ಲ’ ಅನ್ನಬಹುದಿತ್ತಲ್ಲ, ಅದಕ್ಕೆ. ಅಡುಗೆ ಮಾಡಿದವರ ಹೆಸರು ಹೊರಬಿದ್ದರೆ ಕೆಲಸ ಹೋಗುವ ಭಯವಿತ್ತು.

ನಾನು ಹೇಳಹೊರಟಿದ್ದು ಇದನ್ನೇ. ಚಳವಳಿ ಅಂದರೆ ಭಾಷಣ ಅಲ್ಲ, ಕೆಲಸ. ಆ ಕೆಲಸವನ್ನು ಹುಡುಕಿದರೆ ನಿಮ್ಮ ಪ್ರಾಜೆಕ್ಟ್ ತರಗತಿಯ ಉಳಿದವರ ಪ್ರಾಜೆಕ್ಟ್ ತರಹ ಇರುವುದಿಲ್ಲ. ಅಮೆರಿಕದಲ್ಲಿ ಓದುವ ಕನ್ನಡದ ಮಕ್ಕಳಿಗೂ, ಇಲ್ಲಿ ಸಮಾಜ ವಿಜ್ಞಾನದ ಪ್ರಾಜೆಕ್ಟ್ ಹಿಡಿದು ಕೂತವರಿಗೂ ದಾರಿ ಒಂದೇ.

ಮೊದಲು: ವಿಷಯವನ್ನು ಸಣ್ಣದು ಮಾಡಿ

‘ನಾಗರಿಕ ಹಕ್ಕುಗಳ ಚಳವಳಿ’ ಒಂದು ಪ್ರಾಜೆಕ್ಟ್ ವಿಷಯ ಅಲ್ಲ. ಅದು ಒಂದು ಲೈಬ್ರರಿ. ‘ಮಹಿಳಾ ಹಕ್ಕುಗಳು’ ಕೂಡ ಹಾಗೇ. ಒಂದು ಊರು, ಒಂದು ಬೇಡಿಕೆ, ಕೆಲವು ತಿಂಗಳು. ಅಷ್ಟಕ್ಕೆ ಇಳಿಸಿ.

ಇಳಿಸುವುದು ಹೇಗೆ ಅಂತ ಗೊತ್ತಾಗದಿದ್ದರೆ ಒಂದು ಸುಲಭ ಉಪಾಯವಿದೆ. ಈ ಜನ ಯಾವ ಕಾಗದಕ್ಕಾಗಿ ಹೋರಾಡಿದರು, ಅದಕ್ಕೆ ಸಹಿ ಹಾಕಬೇಕಿದ್ದವರು ಯಾರು ಅಂತ ಕೇಳಿಕೊಳ್ಳಿ. ಸುಧಾರಣೆ ಬಯಸಿದ ಚಳವಳಿಗಳು ಸಾಮಾನ್ಯವಾಗಿ ಒಂದು ಕಾಗದದ ಬಳಿ ಬಂದು ನಿಲ್ಲುತ್ತವೆ. ಮಾಂಟ್ಗೊಮರಿಯಲ್ಲಿ ಅದು ನ್ಯಾಯಾಲಯದ ಆದೇಶ. ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಕೊಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಕೆಳಗಿನ ಕೋರ್ಟು ಕೊಟ್ಟ ತೀರ್ಪನ್ನು 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದ ಡೆಲೇನೊದಲ್ಲಿ ಅದು ದ್ರಾಕ್ಷಿ ತೋಟದ ಮಾಲೀಕರು ಮತ್ತು ಕಾರ್ಮಿಕರ ನಡುವಿನ ಒಪ್ಪಂದ. 1965ರಲ್ಲಿ ಮುಷ್ಕರ ಶುರುವಾಗಿ, 1970ರ ಜುಲೈಯಲ್ಲಿ ದೊಡ್ಡ ತೋಟಗಳ ಸಹಿ ಬಿತ್ತು. ಕಾಗದ ಸಿಕ್ಕಿತು ಅಂದರೆ ಕಥೆಗೆ ಕೊನೆ ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ನಡೆಯುತ್ತಾ ಹೋಗಿ, ಶುರು ಎಲ್ಲಿ ಅಂತ ನೀವೇ ತೀರ್ಮಾನಿಸಿ.

ಮುಂದೆ ಹೇಳುವುದಕ್ಕೆಲ್ಲ ಉದಾಹರಣೆಯಾಗಿ ನಾನು ಒಂದೇ ಪ್ರಕರಣ ಇಟ್ಟುಕೊಳ್ಳುತ್ತೇನೆ: 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗವಿಕಲರು ಮಾಡಿದ ‘504 ಧರಣಿ’. ಅಮೆರಿಕದ ಶಾಲೆಗೆ ಹೋಗುವ ಮಕ್ಕಳಿಗೆ ‘504 ಪ್ಲಾನ್’ ಅನ್ನುವ ಮಾತು ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಮುಂದಿನ ಬೆಂಚು, ಔಷಧಿ ತೆಗೆದುಕೊಳ್ಳಲು ಅನುಮತಿ, ಇಂಥ ಅನುಕೂಲಗಳನ್ನು ಬರೆದಿಡುವ ಕಾಗದ ಅದು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ ಅಂತ ನನ್ನ ಅಭಿಪ್ರಾಯ.

ಎರಡನೆಯದು: ಕಥೆಯನ್ನು ಕನ್ನಡದಲ್ಲಿ ಹೇಳಿ ನೋಡಿ

ಹುಡುಕಾಟಕ್ಕೆ ಇಳಿಯುವ ಮುಂಚೆ ಒಂದು ವಿಶ್ವಕೋಶದ ಲೇಖನ ಓದಿ. ವಿಕಿಪೀಡಿಯ ಆದರೂ ಸರಿ, ಶುರುವಿಗೆ ಅದೇನೂ ಪಾಪವಲ್ಲ. ಓದಿ ಮುಚ್ಚಿಟ್ಟು ಮನೆಯವರಿಗೆ ಕನ್ನಡದಲ್ಲಿ ಹೇಳಿ. ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಇಂಗ್ಲಿಷಿನ ದೊಡ್ಡ ಪದಗಳ ಹಿಂದೆ ಅಡಗಿಕೊಳ್ಳಲು ಆಗ ಜಾಗವೇ ಇರುವುದಿಲ್ಲ. ಅಜ್ಜಿ “ಅದಕ್ಕೆ ಅವರೇನಂದ್ರು ಮತ್ತೆ?” ಅಂತ ಕೇಳಿದ ಕಡೆ ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ, ಹುಡುಕಬೇಕಾದ್ದು ಅದನ್ನೇ.

504ರ ಕಥೆ ಅಜ್ಜಿಗೆ ಹೇಳುವಷ್ಟು ಸರಳವಾಗಿ ಹೀಗಿದೆ. 1973ರಲ್ಲಿ ಅಮೆರಿಕದ ಸಂಸತ್ತು ಪುನರ್ವಸತಿ ಕಾಯ್ದೆ ಎಂಬ ಕಾನೂನು ಮಾಡಿತು. ಅಧ್ಯಕ್ಷ ನಿಕ್ಸನ್ ಅದರ ಹಿಂದಿನ ರೂಪಗಳನ್ನು ತಡೆಹಿಡಿದು, ಕೊನೆಗೆ ಆ ವರ್ಷದ ಸೆಪ್ಟೆಂಬರಿನಲ್ಲಿ ಸಹಿ ಹಾಕಿದರು. ಅದರ ಕೊನೆಯಲ್ಲಿದ್ದ ಒಂದು ಸಣ್ಣ ಭಾಗವೇ ಸೆಕ್ಷನ್ 504. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅನ್ನುವುದು ಅದರ ಸಾರ. 1964ರ ನಾಗರಿಕ ಹಕ್ಕು ಕಾಯ್ದೆ ಜನಾಂಗದ ವಿಷಯದಲ್ಲಿ ಹೇಳಿದ ಮಾತನ್ನೇ ಇದು ಅಂಗವಿಕಲರ ವಿಷಯದಲ್ಲಿ ಹೇಳಿತು. ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಸರ್ಕಾರದ ಹಣ ಪಡೆಯುತ್ತಿದ್ದವು. ಹಾಗಾಗಿ ಅದು ಸಣ್ಣ ಮಾತಾಗಿರಲಿಲ್ಲ.

ಆದರೆ ಕಾನೂನು ಜಾರಿಗೆ ಬರಲು ವಿವರವಾದ ನಿಯಮಗಳು ಬೇಕು. ಯಾರು ಅಂಗವಿಕಲರು, ಏನು ಮಾಡಿದರೆ ತಾರತಮ್ಯ, ಮೆಟ್ಟಿಲು ಮಾತ್ರ ಇರುವ ಹಳೇ ಕಟ್ಟಡವನ್ನು ಏನು ಮಾಡಬೇಕು, ಇವೆಲ್ಲ ಬರೆಯಬೇಕು. ಬರೆದದ್ದೂ ಆಯಿತು. ಸಹಿ ಮಾತ್ರ ಬೀಳಲಿಲ್ಲ. ನಿಕ್ಸನ್ ಹೋಗಿ ಫೋರ್ಡ್ ಬಂದರು, ಫೋರ್ಡ್ ಹೋಗಿ ಕಾರ್ಟರ್ ಬಂದರು. ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಹೊಸ ಕಾರ್ಯದರ್ಶಿ (ನಮ್ಮಲ್ಲಿ ಮಂತ್ರಿ ಇದ್ದ ಹಾಗೆ) ಜೋಸೆಫ್ ಕ್ಯಾಲಿಫಾನೊ, ಇನ್ನೊಮ್ಮೆ ಪರಿಶೀಲಿಸುತ್ತೇನೆ ಅಂದರು. ಪರಿಶೀಲನೆಯ ಹೆಸರಿನಲ್ಲಿ ನಿಯಮಗಳ ಹಲ್ಲು ಕೀಳುತ್ತಾರೆ ಅಂತ ಅಂಗವಿಕಲರಿಗೆ ಅನುಮಾನ ಬಂತು. ಅವರ ಸಂಘಟನೆಗಳು ಗಡುವು ಕೊಟ್ಟವು. ಗಡುವು ಮುಗಿಯಿತು. 1977ರ ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಇಲಾಖೆಯ ಕಚೇರಿಗಳ ಮುಂದೆ ಪ್ರತಿಭಟನೆ ನಡೆಯಿತು, ಕೆಲವು ಕಡೆ ಜನ ಒಳಗೇ ಕೂತರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೂರಕ್ಕೂ ಹೆಚ್ಚು ಮಂದಿ ಯುನೈಟೆಡ್ ನೇಷನ್ಸ್ ಪ್ಲಾಜಾದ ಸರ್ಕಾರಿ ಕಟ್ಟಡದೊಳಗೆ ಉಳಿದರು. ಏಪ್ರಿಲ್ 28ರಂದು ಕ್ಯಾಲಿಫಾನೊ ಸಹಿ ಹಾಕಿದರು. 30ರಂದು ಧರಣಿ ಕೂತವರು ಹೊರಬಂದರು.

ಇಲ್ಲಿಯವರೆಗಿನ ಕಥೆ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಿಮ್ಮ ಪ್ರಾಜೆಕ್ಟ್ ಇನ್ನೂ ಶುರುವಾಗಿಲ್ಲ.

ಮೂರನೆಯದು: ಪ್ರಶ್ನೆ ಕಟ್ಟಿಕೊಳ್ಳಿ

‘504 ಧರಣಿ ಎಂದರೇನು?’ ಅನ್ನುವುದು ಪ್ರಶ್ನೆ ಅಲ್ಲ. ಉತ್ತರ ಒಂದೇ ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ಎಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿ ಪ್ರಶ್ನೆ ಇರುತ್ತದೆ. ಇಲ್ಲಿ ಅಂಥದ್ದು ಕಣ್ಣೆದುರೇ ಇದೆ. ಒಂದೇ ದಿನ ಹಲವು ಊರುಗಳಲ್ಲಿ ಶುರುವಾದ ಪ್ರತಿಭಟನೆ ಬೇರೆ ಕಡೆ ಬೇಗ ಮುಗಿಯಿತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಒಳಗೆ ಕೂತವರಿಗೆ ಊಟ ಹೋಗಲು ಬಿಡಲಿಲ್ಲ, ಅವರು ಮರುದಿನವೇ ಹೊರಬರಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತ್ರ ವಾರಗಟ್ಟಲೆ ಉಳಿದರು. ಯಾಕೆ?

ಧೈರ್ಯ ಜಾಸ್ತಿ ಇತ್ತು ಅಂತ ಬರೆದುಬಿಡಬಹುದು. ಸುಮ್ನೆ ಬರೆಯುವ ಉತ್ತರ ಅದು. ವಾಷಿಂಗ್ಟನ್‌ನವರಿಗೆ ಧೈರ್ಯ ಇರಲಿಲ್ಲವಾ? ವ್ಯತ್ಯಾಸ ಅಡುಗೆಮನೆಯಲ್ಲಿತ್ತು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ, ಪಕ್ಕದ ಓಕ್ಲೆಂಡ್ ಊರಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಧರಣಿ ಕೂತವರಿಗೆ ಬಿಸಿ ಊಟ ತಂದುಕೊಟ್ಟರು. ಅವರು ಯಾಕೆ ತಂದರು ಅಂದರೆ, ಒಳಗೆ ಅವರ ಪಕ್ಷದ ಸದಸ್ಯ ಬ್ರ್ಯಾಡ್ ಲೋಮ್ಯಾಕ್ಸ್ ಇದ್ದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಿಂದ ವ್ಹೀಲ್‌ಚೇರ್ ಬಳಸುತ್ತಿದ್ದವರು. ಅವರ ಸಹಾಯಕ್ಕೆ ಚಕ್ ಜ್ಯಾಕ್ಸನ್ ಎಂಬ ಇನ್ನೊಬ್ಬ ಪ್ಯಾಂಥರ್ ಜೊತೆಗಿದ್ದರು, ಮತ್ತು ಅವರು ಬೇರೆಯವರನ್ನೂ ನೋಡಿಕೊಂಡರು. ಪಕ್ಕದ ಬರ್ಕ್ಲಿಯಲ್ಲಿ 1972ರಲ್ಲೇ ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಶುರುವಾಗಿತ್ತು, ಹಾಗಾಗಿ ಒಬ್ಬರನ್ನೊಬ್ಬರು ಬಲ್ಲ ಜನ ಮೊದಲೇ ಇದ್ದರು. ಚರ್ಚುಗಳು, ಕಾರ್ಮಿಕ ಸಂಘಗಳು ಕೈಜೋಡಿಸಿದವು. ನಗರದ ಮೇಯರ್ ಜಾರ್ಜ್ ಮೊಸ್ಕೊನಿ ಕೂಡ ಧರಣಿಯ ಪರ ನಿಂತರು. ಕಟ್ಟಡದ ಫೋನ್ ಸಂಪರ್ಕ ಕಡಿದಾಗ, ಕಿವಿ ಕೇಳದ ಸದಸ್ಯರು ಕಿಟಕಿಯ ಬಳಿ ನಿಂತು ಹೊರಗಿದ್ದವರಿಗೆ ಸಂಜ್ಞೆ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು.

ಇದನ್ನು ಓದಿದ ಮೇಲೆ ಪ್ರಶ್ನೆ ತಾನೇ ರೂಪ ಪಡೆಯುತ್ತದೆ: ಧರಣಿ ಉಳಿಯಲು ಹೊರಗಿನವರ ನೆರವು ಎಷ್ಟು ಕಾರಣ, ಆ ನೆರವು ಯಾವ ಹಳೇ ಪರಿಚಯಗಳಿಂದ ಬಂತು? ಇದಕ್ಕೆ ನೀವು ಕೊಡುವ ಒಂದು ಸಾಲಿನ ಉತ್ತರವೇ ನಿಮ್ಮ ವಾದ. ಅದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಮುಂದೆ ಸಿಗುವ ಪ್ರತಿ ಮಾಹಿತಿಯನ್ನೂ ಇದಕ್ಕೆ ಹಿಡಿದು ನೋಡಿ. ಸಂಬಂಧವಿಲ್ಲದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಬಿಡುವುದು ಬಹಳ ಕಷ್ಟ, ಗೊತ್ತು.

ನಾಲ್ಕನೆಯದು: ಆ ಕಾಲದ ಕಾಗದ ಹುಡುಕಿ

ಇತಿಹಾಸದ ಟೀಚರ್‌ಗಳು ಮೂಲ ಆಕರ ಅಂತ ಕೇಳುತ್ತಾರಲ್ಲ, ಅಂದರೆ ಆ ಘಟನೆ ನಡೆದ ಕಾಲದಲ್ಲಿ ಹುಟ್ಟಿದ ವಸ್ತು, ಅಥವಾ ಅದರಲ್ಲಿ ಇದ್ದವರ ಸ್ವಂತ ಮಾತು. ಮನೆಯಲ್ಲೇ ಕೂತು ಉಚಿತವಾಗಿ ನೋಡಬಹುದಾದದ್ದು ಬೇಕಾದಷ್ಟಿದೆ. ಬೆಂಗಳೂರಿನಲ್ಲಿ ಕೂತರೂ ಡೆಟ್ರಾಯಿಟ್‌ನಲ್ಲಿ ಕೂತರೂ ಒಂದೇ.

ಅಂಗವಿಕಲರ ಹಕ್ಕುಗಳ ಬಗ್ಗೆಯಾದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಬ್ಯಾಂಕ್ರಾಫ್ಟ್ ಲೈಬ್ರರಿಗೆ ಹೋಗಿ. ಚಳವಳಿಯಲ್ಲಿದ್ದವರ ಉದ್ದುದ್ದ ಸಂದರ್ಶನಗಳು ಅಲ್ಲಿವೆ. ಧರಣಿಯ ಮುಖಂಡರಾದ ಜೂಡಿ ಹ್ಯೂಮನ್, ಕಿಟ್ಟಿ ಕೋನ್ ಅವರ ಮಾತುಗಳೂ ಸಿಗುತ್ತವೆ. ಪೂರ್ತಿ ಓದಲು ಹೋಗಬೇಡಿ, ಮುಗಿಯುವುದಿಲ್ಲ. ‘ಊಟ’, ‘ಔಷಧಿ’, ‘ನಿದ್ದೆ’ ಇಂಥ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ. ‘ಸಮಾನತೆ’ ಅಂತ ಹುಡುಕಿದರೆ ಭಾಷಣ ಸಿಗುತ್ತದೆ, ‘ಊಟ’ ಅಂತ ಹುಡುಕಿದರೆ ಕಥೆ ಸಿಗುತ್ತದೆ.

ಮಾಂಟ್ಗೊಮರಿ ಮಾಡುವವರಿಗೆ ಅಮೆರಿಕದ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯ ಶಿಕ್ಷಣ ತಾಣದಲ್ಲಿ ಒಂದು ಅಪರೂಪದ ಚಿತ್ರವಿದೆ. ಬಿಳಿಯರಿಗೆ ಸೀಟು ಬಿಡಲು ಒಪ್ಪದೆ 1955ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಎಲ್ಲಿ ಕೂತಿದ್ದರು ಅಂತ ತೋರಿಸುವ ಬಸ್ಸಿನ ನಕ್ಷೆ, ಕೋರ್ಟ್ ದಾಖಲೆಯದು. ಪಾರ್ಕ್ಸ್ ಅವರ ಸ್ವಂತ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ, ಆನ್‌ಲೈನಿನಲ್ಲೂ ನೋಡಬಹುದು. ದ್ರಾಕ್ಷಿ ಮುಷ್ಕರದ ಫೋಟೊ, ಪತ್ರಿಕೆ, ನೆನಪುಗಳ ದೊಡ್ಡ ಸಂಗ್ರಹವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಲೈಬ್ರರಿ ಆನ್‌ಲೈನಿನಲ್ಲಿ ಇಟ್ಟಿದೆ. 1970ರ ದಶಕದ ದಿನಪತ್ರಿಕೆಗಳಿಗೆ ಸಾಮಾನ್ಯವಾಗಿ ಚಂದಾ ಬೇಕು. ಅಮೆರಿಕದಲ್ಲಿರುವವರು ಊರಿನ ಪಬ್ಲಿಕ್ ಲೈಬ್ರರಿ ಕಾರ್ಡಿನಿಂದ ಅದನ್ನು ಮನೆಯಿಂದಲೇ ನೋಡಬಹುದೇ ಅಂತ ಲೈಬ್ರೇರಿಯನ್ ಹತ್ತಿರ ಕೇಳಿ. ಕೇಳಲು ಸಂಕೋಚ ಬೇಡ, ಅವರ ಕೆಲಸವೇ ಅದು.

ಆಕರಗಳು ಒಂದನ್ನೊಂದು ಒಪ್ಪದೇ ಹೋದಾಗ ಗಾಬರಿಯಾಗಬೇಡಿ, ಖುಷಿಪಡಿ. 504 ಧರಣಿ ಎಷ್ಟು ದಿನ ನಡೆಯಿತು ಅಂತ ಹುಡುಕಿ. ಒಂದು ಕಡೆ 24, ಇನ್ನೊಂದು ಕಡೆ 25 ಅಥವಾ 26, ಮತ್ತೊಂದು ಕಡೆ 28. ಯಾವುದು ಸರಿ? ಕ್ಯಾಲೆಂಡರ್ ತೆಗೆಯಿರಿ. ಏಪ್ರಿಲ್ 5ರಿಂದ ಸಹಿ ಬಿದ್ದ 28ರವರೆಗೆ ಎರಡೂ ದಿನ ಸೇರಿಸಿದರೆ 24. ಹೊರಬಂದ 30ರವರೆಗೆ ಎಣಿಸಿದರೆ 26. ಮೊದಲ ದಿನ ಬಿಟ್ಟರೆ 25. 28 ಅನ್ನುವುದು ದಿನಾಂಕವನ್ನೇ ದಿನಗಳ ಲೆಕ್ಕ ಅಂತ ತಿಳಿದದ್ದಿರಬಹುದು, ಇದು ನನ್ನ ಊಹೆ. ಬೋರ್ಡಿನಲ್ಲಿ ಒಂದು ಸಂಖ್ಯೆ ಹಾಕಿ, ಯಾವುದರಿಂದ ಯಾವುದರವರೆಗೆ ಎಣಿಸಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಆ ಒಂದು ಸಾಲು ನೋಡಿದರೆ ಟೀಚರ್‌ಗೆ ನೀವು ನಕಲು ಮಾಡಿಲ್ಲ ಅಂತ ಗೊತ್ತಾಗುತ್ತದೆ.

ಎಐ ಚಾಟ್ ಬಳಸುವವರಿಗೆ ಒಂದು ಮಾತು. ಕಷ್ಟದ ಇಂಗ್ಲಿಷ್ ಪ್ಯಾರಾವನ್ನು ಬಿಡಿಸಿ ಹೇಳಲು ಅದು ಚೆನ್ನಾಗಿದೆ. ‘ಇದಕ್ಕೆ ಐದು ಮೂಲ ಆಕರ ಕೊಡು’ ಅಂದರೆ ಮಾತ್ರ ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆ ಕೊಟ್ಟುಬಿಡಬಹುದು. ನೀವೇ ತೆರೆದು ನೋಡದ ಯಾವುದನ್ನೂ ಆಕರಗಳ ಪಟ್ಟಿಗೆ ಸೇರಿಸಬೇಡಿ.

ಐದನೆಯದು: ಒಬ್ಬ ಹೀರೋ ಸಾಕಾಗುವುದಿಲ್ಲ

ದ್ರಾಕ್ಷಿ ಮುಷ್ಕರ ಅಂದರೆ ಎಲ್ಲರೂ ಸೀಸರ್ ಚಾವೇಝ್ ಅನ್ನುತ್ತಾರೆ. ಅವರ ಪಾತ್ರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ 1965ರ ಸೆಪ್ಟೆಂಬರ್ 8ರಂದು ಕೆಲಸ ನಿಲ್ಲಿಸಿದವರು ಫಿಲಿಪಿನೊ ಕಾರ್ಮಿಕರು. ಅವರ ಮುಖಂಡ ಲ್ಯಾರಿ ಇಟ್ಲಿಯಾಂಗ್. ಮೆಕ್ಸಿಕನ್ ಕಾರ್ಮಿಕರ ಸಂಘ ಕಟ್ಟಿದ್ದ ಚಾವೇಝ್ ಮತ್ತು ಡೊಲೊರೆಸ್ ಹುವೆರ್ಟಾ ಒಂದು ವಾರದ ನಂತರ ಸೇರಿಕೊಂಡರು. ಅಲ್ಲಿಯವರೆಗೆ ಮಾಲೀಕರ ತಂತ್ರವೇ ಬೇರೆಯಿತ್ತು: ಒಂದು ಗುಂಪು ಮುಷ್ಕರ ಹೂಡಿದರೆ ಇನ್ನೊಂದು ಗುಂಪನ್ನು ತೋಟಕ್ಕೆ ಇಳಿಸುವುದು. ಎರಡೂ ಗುಂಪು ಸೇರಿದ್ದರಿಂದ ಆ ತಂತ್ರ ಕೈಕೊಟ್ಟಿತು. ಅವರು ಒಟ್ಟಿಗೆ ಕೂತು ಊಟ ಮಾಡಿದ್ದು ಡೆಲೇನೊದ ಫಿಲಿಪಿನೊ ಸಮುದಾಯ ಭವನದಲ್ಲಿ. ನೋಡಿ, ಇಲ್ಲೂ ಅಡುಗೆಮನೆ ಬಂತು.

ಮಾಂಟ್ಗೊಮರಿಯಲ್ಲೂ ಹೀಗೇ. ಪಾರ್ಕ್ಸ್ ಬಂಧನಕ್ಕೆ ಒಂಬತ್ತು ತಿಂಗಳು ಮುಂಚೆ, 1955ರ ಮಾರ್ಚ್ 2ರಂದು, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡಲು ಒಪ್ಪದೆ ಬಂಧನಕ್ಕೊಳಗಾಗಿದ್ದಳು. ನಿಮ್ಮದೇ ವಯಸ್ಸು, ಅಲ್ವಾ? ಮುಂದೆ ಕೋರ್ಟಿಗೆ ಹೋದ ಪ್ರಕರಣದಲ್ಲಿ ದೂರು ಕೊಟ್ಟವರಲ್ಲಿ ಅವಳೂ ಒಬ್ಬಳು. ಪಾರ್ಕ್ಸ್ ಬಂಧನವಾದ ರಾತ್ರಿಯೇ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದರು. ಬೆಳಗಾಗುವುದರೊಳಗೆ ಅವು ಹಂಚಲು ಸಿದ್ಧವಾಗಿದ್ದವು. ಕಿಂಗ್ ಆಗಿನ್ನೂ ಆ ಊರಿಗೆ ಹೊಸಬರಾದ, 26 ವರ್ಷದ ಪಾದ್ರಿ.

ಹೀರೋನನ್ನು ಕೆಳಗಿಳಿಸಿ ಅಂತ ನಾನು ಹೇಳುತ್ತಿಲ್ಲ. ಬೋರ್ಡಿನಲ್ಲಿ ಒಂದು ದೊಡ್ಡ ಮುಖದ ಬದಲು ನಾಲ್ಕು ಕೆಲಸಗಳನ್ನು ಇಡಿ: ಶುರು ಮಾಡಿದವರು, ಸುದ್ದಿ ಹರಡಿದವರು, ಹೊಟ್ಟೆ ನೋಡಿಕೊಂಡವರು, ಸಹಿ ಹಾಕಿಸಿದವರು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಆಕರ. ಯಾವುದಾದರೂ ಒಂದು ಕೆಲಸಕ್ಕೆ ಹೆಸರು ಸಿಗದಿದ್ದರೆ ಆ ಜಾಗ ಖಾಲಿ ಬಿಟ್ಟು, ಎಲ್ಲೆಲ್ಲಿ ಹುಡುಕಿದಿರಿ ಅಂತ ಬರೆಯಿರಿ.

ಆರನೆಯದು: ಎದುರು ಪಕ್ಷಕ್ಕೂ ಮಾತು ಕೊಡಿ

ವಿರೋಧಿಸಿದವರನ್ನೆಲ್ಲ ಕೆಟ್ಟವರು ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. 504 ನಿಯಮಗಳ ವಿಷಯದಲ್ಲಿ ವಿಶ್ವವಿದ್ಯಾಲಯ, ಆಸ್ಪತ್ರೆಗಳ ಕಡೆಯಿಂದ ಬಂದ ಮುಖ್ಯ ತಕರಾರು ಖರ್ಚಿನದು. ಹಳೇ ಕಟ್ಟಡಗಳಿಗೆಲ್ಲ ರ್‍ಯಾಂಪು, ಲಿಫ್ಟು ಹಾಕಲು ದುಡ್ಡು ಎಲ್ಲಿಂದ ತರುವುದು? ಇದು ನಿಜವಾದ ಪ್ರಶ್ನೆಯೇ. ಅದನ್ನು ಬರೆದು, ಚಳವಳಿಯವರು ಅದಕ್ಕೆ ಏನು ಉತ್ತರ ಕೊಟ್ಟರು, ಕೊನೆಗೆ ಬಂದ ನಿಯಮಗಳು ಅದನ್ನು ಹೇಗೆ ನಿಭಾಯಿಸಿದವು ಅಂತ ನೋಡಿ.

ಸ್ವಲ್ಪ ಬೇರೆ ರೀತಿಯ ವಿಷಯ ಬೇಕು ಅನ್ನುವವರು ಸೋತ ಸುಧಾರಣೆಯನ್ನು ಆರಿಸಿಕೊಳ್ಳಬಹುದು. ಮಹಿಳೆಯರಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನು ಅಮೆರಿಕದ ಸಂಸತ್ತು 1972ರಲ್ಲಿ ಒಪ್ಪಿತು. 38 ರಾಜ್ಯಗಳು ಅನುಮೋದಿಸಬೇಕಿತ್ತು. ಗಡುವನ್ನು 1982ರ ಜೂನ್ 30ರವರೆಗೆ ವಿಸ್ತರಿಸಿದರೂ 35ರಿಂದ ಮುಂದೆ ಹೋಗಲಿಲ್ಲ. ಅದನ್ನು ತಡೆದ ಗುಂಪಿನ ಮುಖಂಡರು ಫಿಲಿಸ್ ಶ್ಲಾಫ್ಲಿ, ಒಬ್ಬ ಹೆಂಗಸು. ಅವರ ಬೆಂಬಲಿಗ ಮಹಿಳೆಯರು ಮನೆಯಲ್ಲಿ ಮಾಡಿದ ಬ್ರೆಡ್ಡು, ಜಾಮು ತಂದು ಶಾಸಕರಿಗೆ ಕೊಟ್ಟು ಮತ ಕೇಳಿದರು. ಅಡುಗೆಮನೆ ಎರಡೂ ಕಡೆ ಕೆಲಸ ಮಾಡುತ್ತದೆ! ಹೈಸ್ಕೂಲಿನ ಮೇಲಿನ ತರಗತಿಯವರಿಗೆ ಇದು ಬಹಳ ಒಳ್ಳೆಯ ವಿಷಯ.

ಏಳನೆಯದು: ನಮಗೆ ಸಂಬಂಧ ಇದ್ದರೆ ಮಾತ್ರ ಹೇಳಿ

ಕನ್ನಡದ ಮಕ್ಕಳು ಎಲ್ಲಿಂದಾದರೂ ಗಾಂಧೀಜಿಯನ್ನು ತಂದು ಸೇರಿಸಿಬಿಡುತ್ತಾರೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದು ನಿಜ, ಚಾವೇಝ್ 1968ರಲ್ಲಿ ಗಾಂಧಿಯಿಂದ ಪ್ರೇರಿತರಾಗಿ 25 ದಿನ ಉಪವಾಸ ಮಾಡಿದ್ದೂ ನಿಜ. ಆದರೆ 504 ಧರಣಿಗೆ ಗಾಂಧಿಯನ್ನು ಅಂಟಿಸಿದರೆ ಅಂಟು ಕಾಣಿಸುತ್ತದೆ.

ನಿಜವಾದ ಸಂಬಂಧಗಳು ಬೇರೆ ಇವೆ, ಹೆಚ್ಚು ಸ್ವಾರಸ್ಯವಾಗಿವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1940ರ ದಶಕದ ಆರಂಭದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಬೋಗಿಯಿಂದ ಏಳಲು ಟಿಕೆಟ್ ಕಲೆಕ್ಟರ್ ಹೇಳಿದರೂ ಏಳಲಿಲ್ಲ. ಪಾರ್ಕ್ಸ್‌ಗಿಂತ ಹತ್ತು ವರ್ಷಕ್ಕೂ ಮುಂಚಿನ ಮಾತು ಇದು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಿನಿಂದಲೇ 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಇನ್ನು ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳಿಗೆ ಎಲ್ಲಕ್ಕಿಂತ ಹತ್ತಿರದ್ದು 1965ರ ವಲಸೆ ಕಾಯ್ದೆ. ಯುರೋಪಿನವರಿಗೆ ಅನುಕೂಲವಾಗಿದ್ದ ಹಳೇ ಕೋಟಾ ಪದ್ಧತಿಯನ್ನು ಅದು ತೆಗೆದುಹಾಕಿತು. ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲೇ ಬಂದ ಕಾನೂನು ಅದು. ಭಾರತದ ಎಂಜಿನಿಯರು, ಡಾಕ್ಟರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ದಾರಿಯಾದದ್ದು ಅದರಿಂದ. ನಿಮ್ಮ ತಾತನೋ ದೊಡ್ಡಪ್ಪನೋ ಆ ಕಾಲದಲ್ಲಿ ಹೋದವರಾಗಿದ್ದರೆ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಅದು ಮೂಲ ಆಕರವೇ.

ಎಂಟನೆಯದು: ಬೋರ್ಡು, ಮಾತು

ಅಮೆರಿಕದ ‘ನ್ಯಾಷನಲ್ ಹಿಸ್ಟರಿ ಡೇ’ ಸ್ಪರ್ಧೆಗೆ 6ರಿಂದ 12ನೇ ತರಗತಿಯ ಮಕ್ಕಳು ಹೋಗುತ್ತಾರೆ. ಅಲ್ಲಿ ಪ್ರದರ್ಶನ ಫಲಕದಲ್ಲಿ ನಿಮ್ಮ ಸ್ವಂತ ಮಾತು 500 ಪದ ಮೀರುವಂತಿಲ್ಲ. ಸಾಕ್ಷ್ಯಚಿತ್ರ, ನಾಟಕಕ್ಕೆ 10 ನಿಮಿಷ. ನೀವು ಆ ಸ್ಪರ್ಧೆಗೆ ಹೋಗದಿದ್ದರೂ ಈ ಮಿತಿ ಇಟ್ಟುಕೊಳ್ಳಿ. 500 ಪದಕ್ಕೆ ಇಳಿಸುವಾಗ ಯಾವುದು ಮುಖ್ಯ ಅಂತ ತಾನಾಗಿ ಗೊತ್ತಾಗುತ್ತದೆ.

ಫಲಕದ ಮಧ್ಯದಲ್ಲಿ ನಿಮ್ಮ ಒಂದು ಸಾಲಿನ ವಾದ ಇರಲಿ. ಎಡಗಡೆ ಮೊದಲೇನಿತ್ತು, ಬಲಗಡೆ ಆಮೇಲೇನಾಯಿತು. 504ರಲ್ಲಾದರೆ ಬಲಗಡೆಯ ಕಥೆ 1990ರವರೆಗೆ ಹೋಗುತ್ತದೆ. ಆ ವರ್ಷದ ಮಾರ್ಚ್ 12ರಂದು ಅಂಗವಿಕಲರು ವ್ಹೀಲ್‌ಚೇರ್ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಜುಲೈ 26ರಂದು ಅಂಗವಿಕಲರ ಹಕ್ಕುಗಳ ದೊಡ್ಡ ಕಾಯ್ದೆಗೆ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಸರ್ಕಾರದ ಹಣ ಪಡೆಯದ ಹೋಟೆಲು, ಅಂಗಡಿಗಳೂ ಅದರ ವ್ಯಾಪ್ತಿಗೆ ಬಂದವು. ಫೋಟೊ ಹಾಕಿದರೆ ಯಾರು, ಎಲ್ಲಿ, ಯಾವಾಗ, ಎಲ್ಲಿಂದ ತಂದಿರಿ ಅನ್ನುವ ನಾಲ್ಕೂ ಅಡಿಯಲ್ಲಿ ಇರಲಿ.

ಅಂಗವಿಕಲರ ಹಕ್ಕಿನ ಬಗ್ಗೆ ಬೋರ್ಡ್ ಮಾಡಿ, ವ್ಹೀಲ್‌ಚೇರಿನಲ್ಲಿ ಕೂತವರಿಗೆ ಓದಲಾಗದಷ್ಟು ಎತ್ತರದಲ್ಲಿ ಇಟ್ಟರೆ ಹೇಗೆ? ಅಕ್ಷರ ದೊಡ್ಡದಿರಲಿ, ಹಳದಿ ಮೇಲೆ ಬಿಳಿ ಬೇಡ. ವಿಡಿಯೊ ಇದ್ದರೆ ಕೆಳಗೆ ಅಕ್ಷರದಲ್ಲಿ ಮಾತು ಬರಲಿ. ಜಡ್ಜ್ ಇದನ್ನು ಗಮನಿಸುತ್ತಾರೋ ಇಲ್ಲವೋ, ನೀವಂತೂ ಗಮನಿಸಿ.

ನಾಟಕ ಮಾಡುವವರು ವ್ಹೀಲ್‌ಚೇರ್ ತಂದು ಕೂತು ನಟಿಸುವುದು, ಮುಖಕ್ಕೆ ಬಣ್ಣ ಬಳಿದು ಕಪ್ಪು ಜನರ ಹಾಗೆ ಕಾಣಿಸಿಕೊಳ್ಳುವುದು, ಅವರ ಉಚ್ಚಾರಣೆಯನ್ನು ಅಣಕದ ಹಾಗೆ ಅನುಕರಿಸುವುದು ಖಂಡಿತ ಬೇಡ. ನಮ್ಮ ಸ್ಕೂಲ್‌ಡೇಗಳಲ್ಲಿ ಛದ್ಮವೇಷ ನೋಡಿ ಬೆಳೆದವರಿಗೆ ಇದರಲ್ಲೇನು ತಪ್ಪು ಅನ್ನಿಸಬಹುದು. ಅಮೆರಿಕದಲ್ಲಿ ಇದಕ್ಕೆ ಕಹಿಯಾದ ಹಿನ್ನೆಲೆಯಿದೆ, ಕಪ್ಪು ಜನರನ್ನು ಗೇಲಿ ಮಾಡಲೆಂದೇ ಮುಖಕ್ಕೆ ಮಸಿ ಬಳಿದುಕೊಳ್ಳುವ ನಾಟಕಗಳು ದಶಕಗಟ್ಟಲೆ ನಡೆದಿವೆ. ವರದಿಗಾರ, ಅಡುಗೆಯವರು, ಅಂಚೆ ತಂದುಕೊಟ್ಟವರು ಇಂಥ ಪಾತ್ರದಲ್ಲಿ ನಿಂತು ಕಥೆ ಹೇಳಿ. ಹಳೇ ಕಾಗದಗಳಲ್ಲಿ ಬರುವ ಜನಾಂಗೀಯ ಬೈಗುಳವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಬೇರೆ ಸಾಲು ಆರಿಸಿ, ಅಥವಾ ಟೀಚರ್ ಹತ್ತಿರ ಮೊದಲೇ ಕೇಳಿ.

ಅಪ್ಪ ಅಮ್ಮಂದಿರಿಗೆ: ಕತ್ತರಿಸಿ, ಅಂಟಿಸಿ, ಕಾರಿನಲ್ಲಿ ಒಯ್ಯಿರಿ. ವಾಕ್ಯ ಬರೆಯಬೇಡಿ. ಯಾವುದು ಮಗುವಿನ ವಾಕ್ಯ, ಯಾವುದು ಅಪ್ಪನ ವಾಕ್ಯ ಅಂತ ಟೀಚರ್‌ಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ಕೊನೆಯದು: ಪ್ರಶ್ನೆಗೆ ತಯಾರಾಗುವುದು

ಮುಂಚಿನ ದಿನ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಅಭ್ಯಾಸ ಮಾಡಿ. ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಇವೇ. ಇದೇ ವಿಷಯ ಯಾಕೆ ತೆಗೆದುಕೊಂಡಿರಿ? ನಿಮ್ಮ ಆಕರಗಳಲ್ಲಿ ಯಾವುದನ್ನು ಜಾಸ್ತಿ ನಂಬಿದಿರಿ, ಯಾಕೆ? ಈ ಚಳವಳಿ ಆಗದಿದ್ದರೆ ಆ ಕಾಗದಕ್ಕೆ ಸಹಿ ಬೀಳುತ್ತಿರಲಿಲ್ಲವಾ? ಇದರಿಂದ ಯಾರಿಗೆ ಏನೂ ಸಿಗಲಿಲ್ಲ? ಕೊನೆಯ ಎರಡಕ್ಕೆ ಬಾಯಿಪಾಠ ಮಾಡಿದ ಉತ್ತರ ಕೆಲಸಕ್ಕೆ ಬರುವುದಿಲ್ಲ. ಸಹಿ ತಡವಾಗಿಯಾದರೂ ಬೀಳುತ್ತಿತ್ತು, ಆದರೆ ನಿಯಮಗಳು ಇಷ್ಟು ಗಟ್ಟಿಯಾಗಿರುತ್ತಿರಲಿಲ್ಲ ಅಂತ ನೀವು ವಾದಿಸಬಹುದು. ಉಲ್ಟಾನೂ ವಾದಿಸಬಹುದು. ಯಾವುದನ್ನು ಹೇಳಿದರೂ ಅದರ ಹಿಂದೆ ನೀವು ಓದಿದ ಒಂದು ಕಾಗದ ಇರಬೇಕು, ಮತ್ತು ಅದರ ಒಂದು ಪ್ರಿಂಟ್ ನಿಮ್ಮ ಫೋಲ್ಡರಿನಲ್ಲಿ ಇರಬೇಕು. “ತೋರಿಸು ನೋಡೋಣ” ಅಂತ ಕೇಳುವ ಜಡ್ಜುಗಳು ಇದ್ದಾರೆ.